ಮಟ್ಟುಗುಳ್ಳದ ಕಾಯಿಕೊರಕ: ಒಂದು ಗದ್ದೆಯ ಪ್ರಕರಣ ಅಧ್ಯಯನ

ಈ ಬರಹ ಉಡುಪಿ ಜಿಲ್ಲೆಯ ಮಟ್ಟು ಗ್ರಾಮದ ಒಂದೇ ಒಂದು ಗದ್ದೆಗೆ ಸಂಬಂಧಿಸಿದ್ದು. ಗುಳ್ಳ ಎಂಬ ಸ್ಥಳೀಯ ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು ಅಲ್ಲಿ ಯಾವ ಮದ್ದಿಗೂ ಏಕೆ ಬಗ್ಗಲಿಲ್ಲ, ಅದು ಎಲ್ಲಿಂದ ಬರುತ್ತಿತ್ತು, ಅದರ ನೆಲೆಯನ್ನು ಹುಡುಕಿದ್ದು ಹೇಗೆ, ಹುಡುಕಿದ ಮೇಲೆ ಏನು ಮಾಡಲಾಯಿತು ಎಂಬುದನ್ನು ದಾಖಲಿಸುವುದು ಇದರ ಉದ್ದೇಶ. ಕರಾವಳಿಯ ತೋಟ ಗದ್ದೆಗಳಲ್ಲಿ ಕೀಟಗಳನ್ನು ಹಿಂಬಾಲಿಸುವುದೇ ನನ್ನ ವೃತ್ತಿಯಾಗಿರುವುದರಿಂದ ಇಂತಹ ದೂರುಗಳು ನನಗೆ ಹೊಸತಲ್ಲ. ಆದರೆ ಕೀಟತಜ್ಞರ ಕೆಲಸ ಎಂದರೆ ಏನು ಎಂಬುದನ್ನು ಈ ಪ್ರಕರಣ ತೋರಿಸುವಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು ಎಂದು ನಾನು ಭಾವಿಸಿದ್ದೇನೆ. ಕೃಷಿಕ ಕುಟುಂಬದ ಇಚ್ಛೆಯಂತೆ ಅವರ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

ಊರು ಮತ್ತು ಬೆಳೆ

ಉಡುಪಿಯಿಂದ ದಕ್ಷಿಣಕ್ಕೆ ಬರುವಾಗ ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ಮಟ್ಟು ಸಿಗುತ್ತದೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಅರಬಿ ಸಮುದ್ರ, ನಡುವೆ ಮರಳು ಬೆರೆತ ಮಣ್ಣಿನ ಗದ್ದೆಗಳು. ಮಳೆಗಾಲದ ಏಣೆಲು ಭತ್ತವನ್ನು ಕೊಯ್ದ ಮೇಲೆ ಅದೇ ಗದ್ದೆಗಳಲ್ಲಿ ಏರಿ ಮಾಡಿ ಗುಳ್ಳದ ಸಸಿಗಳನ್ನು ನೆಡುತ್ತಾರೆ. ಚಳಿಗಾಲ ಕಾಲಿಡುವ ಹೊತ್ತಿಗೆ ಕಾಯಿ ಕೈಗೆ ಬರಲು ತೊಡಗಿ, ಬೇಸಿಗೆ ಮುಗಿಯುವವರೆಗೂ ಕೊಯ್ಲು ನಡೆಯುತ್ತದೆ. ಗುಂಡಗೆ, ತಿಳಿಹಸಿರು ಬಣ್ಣದ ಮೇಲೆ ಬಿಳಿಯ ಗೀರುಗಳಿರುವ, ತೆಳು ಸಿಪ್ಪೆಯ, ತೊಟ್ಟಿನಲ್ಲಿ ಮುಳ್ಳಿರುವ ಈ ಬದನೆಯ ಬೀಜವನ್ನು ಸೋದೆ ಮಠದ ವಾದಿರಾಜ ತೀರ್ಥರು ಮಟ್ಟುವಿನವರಿಗೆ ಕೊಟ್ಟರು ಎಂಬ ನಂಬಿಕೆ ಊರಿನಲ್ಲಿ ಗಟ್ಟಿಯಾಗಿದೆ. ಮೊದಲ ಫಸಲು ಇಂದಿಗೂ ಉಡುಪಿಯ ಶ್ರೀಕೃಷ್ಣನಿಗೆ ಸಲ್ಲುತ್ತದೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೆ ಈ ಹೆಸರಿಗೆ ಮಾರುಕಟ್ಟೆಯಲ್ಲೂ ಬೆಲೆ ಬಂದಿದೆ. ಹೆಸರಿಗೆ ಬೆಲೆ ಬಂದಾಗ ತೂತು ಬಿದ್ದ ಕಾಯಿಯಿಂದ ಆಗುವ ನಷ್ಟವೂ ಹೆಚ್ಚುತ್ತದೆ: ಹುಳು ಹಿಡಿದ ಒಂದು ಕಾಯಿ ಗ್ರಾಹಕರ ಅಡುಗೆಮನೆ ತಲುಪಿದರೆ ಅದರ ಅಪವಾದ ಇಡೀ ಊರಿನ ಬೆಳೆಗೆ ತಟ್ಟುತ್ತದೆ.

ಕುಟುಂಬದ ಯಜಮಾನರು ನನ್ನನ್ನು ಕರೆಸಿದ್ದು ಜನವರಿಯಲ್ಲಿ, ಕೊಯ್ಲು ಬಿರುಸಾಗಿದ್ದಾಗ. ಅವರು ಹೇಳಿದ್ದು ಇಷ್ಟು: "ಎಂತ ಮದ್ದು ಬಿಟ್ಟರೂ ಹುಳಕ್ಕೆ ಲೆಕ್ಕವೇ ಇಲ್ಲ ಮಾರಾಯ್ರೆ. ಕಾಯಿ ಹೊರಗಿನಿಂದ ಲಾಯಕ್ ಉಂಟು, ಒಳಗೆ ಪೂರಾ ಹಾಳು." ಕೊಯ್ದ ಗುಳ್ಳದಲ್ಲಿ ಮೂರರಲ್ಲೊಂದು ಪಾಲನ್ನು ಪಕ್ಕಕ್ಕೆ ಎಸೆಯಬೇಕಾಗುತ್ತಿದೆ ಎಂಬುದು ಅವರ ಅಂದಾಜಾಗಿತ್ತು. ಇದರ ಜೊತೆಗೆ ಗಿಡಗಳು ಸೊರಗಿ ಸಾಯುತ್ತಿದ್ದವು. ಎರಡಕ್ಕೂ ಕಾರಣ ಒಂದೇ ಇರಬೇಕೆಂದು ಅವರು ತಿಳಿದಿದ್ದರು. ಮದ್ದಿನ ಅಂಗಡಿಯವರೂ ಹಾಗೆಯೇ ತಿಳಿದು ಕೀಟನಾಶಕಕ್ಕೆ ಶಿಲೀಂಧ್ರನಾಶಕವನ್ನು ಬೆರೆಸಿ ಕೊಟ್ಟಿದ್ದರು.

ಎರಡು ಬಗೆಯ ಬಾಡುವಿಕೆ

ಗದ್ದೆಗೆ ಇಳಿದಾಗ ಮೊದಲು ಮಾಡಬೇಕಾಗಿದ್ದ ಕೆಲಸ ಈ ಎರಡನ್ನು ಬಿಡಿಸುವುದಾಗಿತ್ತು. ಕೆಲವು ಗಿಡಗಳಲ್ಲಿ ಬುಡದ ಎಲೆಗಳೆಲ್ಲ ಗಟ್ಟಿಯಾಗಿದ್ದು, ಒಂದೋ ಎರಡೋ ಕುಡಿಗಳು ಮಾತ್ರ ಕತ್ತು ಮುರಿದಂತೆ ಜೋತುಬಿದ್ದಿದ್ದವು. ಇನ್ನು ಕೆಲವು ಗಿಡಗಳು ಎಲೆಗಳ ಹಸಿರು ಮಾಸುವ ಮೊದಲೇ ತುದಿಯಿಂದ ಬುಡದವರೆಗೆ ಒಟ್ಟಿಗೆ ಬಾಡಿದ್ದವು. ಎರಡನೆಯ ಬಗೆಯ ಒಂದು ಗಿಡವನ್ನು ಕಿತ್ತು, ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ಅವರ ಮನೆಯಿಂದಲೇ ತಂದ ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿದೆ. ಸ್ವಲ್ಪ ಹೊತ್ತಿನಲ್ಲೇ ಆ ತುದಿಯಿಂದ ಹಾಲಿನಂಥ ಬಿಳಿಯ ಎಳೆ ನೀರಿನೊಳಗೆ ನೇರವಾಗಿ ಇಳಿಯತೊಡಗಿತು. ಇದು ರಾಲ್ಸ್ಟೋನಿಯಾ ಸೊಲನೇಸಿಯರಂ ಎಂಬ ದುಂಡಾಣುವಿನಿಂದ ಬರುವ ಸೊರಗು ರೋಗದ ಗುರುತು. ಮಣ್ಣಿನಲ್ಲಿ ನೆಲೆಸಿ ಬೇರಿನ ಮೂಲಕ ಒಳಹೋಗುವ ಈ ರೋಗಕ್ಕೂ ಕೀಟಕ್ಕೂ ನೇರ ಸಂಬಂಧವಿಲ್ಲ. ಅಂಗಡಿಯಿಂದ ತಂದು ಎಲೆಯ ಮೇಲೆ ಸಿಂಪಡಿಸಿದ ಯಾವುದೂ ಅದನ್ನು ಮುಟ್ಟಲಾರದು.

ಮೊದಲ ಬಗೆಯ ಕುಡಿಯೊಂದನ್ನು ಉದ್ದಕ್ಕೆ ಸೀಳಿದಾಗ ಒಳಗೆ ಟೊಳ್ಳಾದ ಸುರಂಗ, ಅದರಲ್ಲಿ ತೇವದ ಹಿಕ್ಕೆ, ಹಿಕ್ಕೆಯ ಹಿಂದೆ ನಸುಗೆಂಪು ಬಣ್ಣದ ಮರಿಹುಳು ಕಂಡವು. ಇದೇ ಲ್ಯೂಸಿನೋಡ್ಸ್ ಆರ್ಬೊನಾಲಿಸ್, ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳು. ಫ್ರಾನ್ಸಿನ ಕೀಟಶಾಸ್ತ್ರಜ್ಞ ಗೆನೇ 1854ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಬದನೆ ಬೆಳೆಯುವ ಭಾರತದ ಬಹುತೇಕ ಎಲ್ಲ ಕಡೆ ಇದು ಇದೆ. ಹೀಗಾಗಿ ಕೀಟ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ತಡವಾಗಲಿಲ್ಲ. ಆದರೆ ಹೆಸರು ಗೊತ್ತಾದ ಕೂಡಲೇ ಮದ್ದು ಬರೆದುಕೊಡುವ ಪರಿಪಾಠವೇ ಈ ಗದ್ದೆಯನ್ನು ಆ ಸ್ಥಿತಿಗೆ ತಂದಿತ್ತು. ಹೆಸರು ತಿಳಿದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಜೀವಿ ತನ್ನ ಬದುಕಿನ ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ?

ಹುಳುವಿನ ದಿನಚರಿ

ಹೆಣ್ಣು ಪತಂಗ ರಾತ್ರಿಯ ಹೊತ್ತು ಎಲೆಯ ಅಡಿಯಲ್ಲಿ, ಎಳೆಯ ಕುಡಿಯ ಮೇಲೆ, ಮೊಗ್ಗಿನ ಮೇಲೆ, ಕಾಯಿಯ ತೊಟ್ಟಿನ ಬಳಿ ಒಂದೊಂದೇ ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುತ್ತದೆ. ಒಂದು ಹೆಣ್ಣು ಸುಮಾರು 250ರವರೆಗೂ ಇಡಬಲ್ಲದು. ಕೆನೆಬಣ್ಣದ, ಚಪ್ಪಟೆಯಾದ ಆ ಮೊಟ್ಟೆಯನ್ನು ಬರಿಗಣ್ಣಿನಿಂದ ಕಾಣುವುದು ಕಷ್ಟ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಕೈಯಲ್ಲಿದ್ದರೂ ಎಲೆಗಳನ್ನು ಮಗುಚುತ್ತ ಬಹಳ ಹೊತ್ತು ಕೂರಬೇಕು. ಮೂರರಿಂದ ಆರು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಹುಳು ಕೆಲವೇ ಗಂಟೆಗಳಲ್ಲಿ ಹತ್ತಿರದ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಹೊಕ್ಕು, ಹೊಕ್ಕ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಎರಡು ವಾರಗಳ ಆಚೀಚೆ ಅದು ಗಿಡದ ಒಳಗೇ ಇದ್ದು, ಐದು ಹಂತಗಳನ್ನು ದಾಟಿ, ಬಲಿತ ಮೇಲೆ ದೊಡ್ಡ ತೂತು ಮಾಡಿಕೊಂಡು ಹೊರಬಂದು, ನೆಲದ ಒಣಗಿದ ಎಲೆ ಕಡ್ಡಿಗಳ ನಡುವೆ ಗಟ್ಟಿ ರೇಷ್ಮೆಯ ಗೂಡು ನೇಯ್ದು ಕೋಶವಾಗುತ್ತದೆ. ಕೋಶದಿಂದ ಪತಂಗ ಬರಲು ಒಂದರಿಂದ ಎರಡು ವಾರ ಸಾಕು.

ಕೃಷಿಕರು ಕಾಯಿಯಲ್ಲಿ ಕಾಣುವ ತೂತು ಹುಳು ಹೊರಹೋದ ದಾರಿ. ಒಳಹೋದ ದಾರಿ ಹೆಚ್ಚಾಗಿ ತೊಟ್ಟಿನ ಬುಡದ ಹಸಿರು ಟೊಪ್ಪಿಯ ಅಡಿಯಲ್ಲಿ ಸೂಜಿಮೊನೆಯಷ್ಟು ಇರುತ್ತದೆ, ಮುಳ್ಳಿನ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ಲಾಯಕ್ಕಾಗಿ ಕಂಡ ಒಂದು ಗುಳ್ಳವನ್ನು ಗದ್ದೆಯ ಹುಣಿಯ (ಬದುವಿನ) ಮೇಲೆಯೇ ಹೋಳು ಮಾಡಿ ನೋಡಿದೆವು. ಸಿಪ್ಪೆ ಹೊಳೆಯುತ್ತಿತ್ತು, ತಿರುಳು ಮೇಲ್ಭಾಗದಲ್ಲಿ ಬಿಳಿಯಾಗಿಯೇ ಇತ್ತು. ಬೀಜದ ಪದರ ತಲುಪಿದಾಗ ಕಂದುಬಣ್ಣದ ಡೊಂಕು ದಾರಿಯೊಂದು ತೊಟ್ಟಿನ ಅಡಿಯಿಂದ ಹೊರಟು, ಒಮ್ಮೆ ಹಿಂದಕ್ಕೆ ಸುತ್ತಿ, ಕಾಯಿಯ ತಳದತ್ತ ಇಳಿದಿತ್ತು. ದಾರಿಯ ಕೊನೆಯಲ್ಲಿ ಹುಳು ತಲೆಯನ್ನು ತಿರುಳಿಗೆ ಒತ್ತಿಕೊಂಡು ನಿಶ್ಚಲವಾಗಿತ್ತು. ಬೆಳಕು ಬಿದ್ದೊಡನೆ ಅದು ಹಿಂದಕ್ಕೆ ಸರಿದು, ತಾನು ಬಂದ ಸುರಂಗದೊಳಗೇ ಮರೆಯಾಗಲು ಹವಣಿಸಿತು.

ಈ ಗದ್ದೆಯಲ್ಲಿ ಮದ್ದು ಬಿಡುತ್ತಿದ್ದದ್ದು ಬೆಳಿಗ್ಗೆ, ಕಾಯಿಯಲ್ಲಿ ತೂತು ಹೆಚ್ಚಿದೆ ಎಂದು ಕಂಡಾಗ. ತೂತು ಹೆಚ್ಚಿದೆ ಎಂದರೆ ಆ ಪೀಳಿಗೆಯ ಹುಳುಗಳು ಕಾಯಿಯನ್ನು ಬಿಟ್ಟು ನೆಲ ಸೇರಿಯಾಗಿದೆ ಎಂದರ್ಥ. ಉಳಿದವು ಕಾಯಿಯ ಒಳಗಿವೆ. ಸಿಂಪಡಣೆ ತಟ್ಟುತ್ತಿದ್ದದ್ದು ಎಲೆಯ ಮೇಲೆ ತಿರುಗಾಡುವ ಜೇಡ, ಗುಲಗಂಜಿ ಹುಳು, ಸಣ್ಣ ಕಣಜಗಳಿಗೆ. ಅಂದರೆ ಕೃಷಿಕರಿಗೆ ಸಂಬಳವಿಲ್ಲದೆ ದುಡಿಯುತ್ತಿದ್ದವುಗಳಿಗೆ. ಪೈರೆತ್ರಾಯ್ಡ್ ಗುಂಪಿನ ಕೀಟನಾಶಕವನ್ನು ಪದೇ ಪದೇ ಬಳಸಿದ್ದರಿಂದ ಎಲೆಗಳ ಅಡಿಯಲ್ಲಿ ಕೆಂಪು ನುಸಿ ಹೆಚ್ಚಿಕೊಂಡು ಎಲೆಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ನುಸಿಗೆಂದು ಇನ್ನೊಂದು ಮದ್ದು ಬಂದಿತ್ತು. ವಾರದಲ್ಲಿ ಎರಡು ಬಾರಿ ಕಾಯಿ ಕೊಯ್ಯುವ ಬೆಳೆಯಲ್ಲಿ ಮದ್ದು ಬಿಟ್ಟ ಮೇಲೆ ಕೊಯ್ಯದೆ ಕಾಯಬೇಕೆಂದು ಡಬ್ಬಿಯ ಮೇಲೆ ಮುದ್ರಿಸಿದ ಅವಧಿಯನ್ನು ಪಾಲಿಸುವುದು ಹೇಗೆಂದು ಯಾರೂ ಅವರಿಗೆ ಹೇಳಿರಲಿಲ್ಲ. ದೇವರಿಗೆ ಸಲ್ಲುವ, ಮನೆಮನೆಯ ಹುಳಿಗೆ ಬೀಳುವ ಕಾಯಿ ಇದು ಎಂಬುದನ್ನು ನೆನೆದಾಗ ನನಗೆ ತೀವ್ರ ಆತಂಕವಾಯಿತು. ಹುಳುವಿನಿಂದ ಆಗುವ ನಷ್ಟಕ್ಕಿಂತ ಕಾಯಿಯಲ್ಲಿ ಉಳಿಯುವ ಮದ್ದು ಗಂಭೀರವಾದದ್ದು ಎಂಬ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ.

ರಾಶಿ

ಹುಳುವಿನ ಬದುಕನ್ನು ಹೀಗೆ ಬಿಡಿಸಿಟ್ಟಾಗ ಗಿಡದಿಂದ ಹೊರಗೆ ಅದು ಕಳೆಯುವ ಕಾಲ ಎರಡೇ: ಮೊಟ್ಟೆಯಿಂದ ಹೊರಬಂದ ಕೆಲವು ಗಂಟೆಗಳು ಒಂದು, ಕೋಶ ಮತ್ತು ಪತಂಗವಾಗಿರುವ ದಿನಗಳು ಇನ್ನೊಂದು. ಮೊದಲನೆಯದನ್ನು ಹಿಡಿಯುವುದು ಕಷ್ಟ. ಆದ್ದರಿಂದ ಕೋಶಗಳು ಎಲ್ಲಿವೆ ಎಂದು ಹುಡುಕತೊಡಗಿದೆ. ಏರಿಗಳ ನಡುವಿನ ನೆಲದಲ್ಲಿ, ಉದುರಿದ ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಕ್ಕಿದವು. ಆದರೆ ಗದ್ದೆಯಲ್ಲಿ ಕಾಣುತ್ತಿದ್ದ ಬಾಧೆಗೆ ಅವು ಸಾಲವು.

ಗದ್ದೆಯ ಮೂಡು ಬದಿಯಲ್ಲಿ, ಮನೆಯ ಬಚ್ಚಲ ಕೊಟ್ಟಿಗೆಗೆ ತಾಗಿದಂತೆ, ಎರಡು ರಾಶಿಗಳಿದ್ದವು. ಒಂದು, ಕೊಯ್ಲಿನ ದಿನ ಆರಿಸಿ ಎಸೆದ ತೂತು ಕಾಯಿಗಳದ್ದು. ಇನ್ನೊಂದು, ಸೊರಗು ರೋಗದಿಂದ ಸತ್ತ ಗಿಡಗಳನ್ನು ಕಿತ್ತು ಒಣಗಲು ಒಟ್ಟಿದ್ದು. ಸ್ನಾನದ ಹಂಡೆಯ ಒಲೆಗೆ ಅವು ಒಳ್ಳೆಯ ಉರುವಲು. ರೋಗಿ ಗಿಡಗಳನ್ನು ಗದ್ದೆಯಿಂದ ಹೊರಗೆ ಸಾಗಿಸಿದ್ದು ಸರಿಯಾದ ಕೆಲಸವೇ. ಆದರೆ ಆ ಗಿಡಗಳ ಕುಡಿಗಳಲ್ಲಿ ಹುಳುವೂ ಇತ್ತು, ಎಸೆದ ಕಾಯಿಗಳಲ್ಲಂತೂ ಇದ್ದೇ ಇತ್ತು. ಎರಡೂ ರಾಶಿಗಳು ನೆರಳಿನಲ್ಲಿ, ಮಳೆ ಗಾಳಿ ತಾಗದೆ, ಗದ್ದೆಯಿಂದ ಕೂಗಳತೆಯಲ್ಲಿದ್ದವು.

ಶಂಕೆಯನ್ನು ಮಾತಿನಲ್ಲಿ ಹೇಳಿದರೆ ಸಾಲದು, ತೋರಿಸಬೇಕು. ಎಸೆದ ಕಾಯಿಗಳಲ್ಲಿ ಒಂದಷ್ಟನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ತಳದಲ್ಲಿ ಒಣ ಎಲೆ ಹರಡಿ, ಬಾಯಿಗೆ ಹಳೆಯ ಮಲ್ಲಿನ ಬಟ್ಟೆ ಬಿಗಿದು, ಅವರ ಜಗಲಿಯಲ್ಲೇ ಇರಿಸಲು ಹೇಳಿದೆ. ಇನ್ನೊಂದು ಬಕೆಟ್ಟಿನಲ್ಲಿ ಒಣಗಿದ ಗಿಡದ ತುಂಡುಗಳು. ಪ್ರಯೋಗಾಲಯಕ್ಕೆ ಒಯ್ದಿದ್ದರೆ ತಾಪಮಾನ, ತೇವಾಂಶಗಳ ಲೆಕ್ಕ ಇನ್ನಷ್ಟು ಅಚ್ಚುಕಟ್ಟಾಗಿ ಸಿಗುತ್ತಿತ್ತು. ಆದರೆ ಕಾಣಬೇಕಾದವರು ನಾನಲ್ಲ, ಆ ಮನೆಯವರು. ಮುಂದಿನ ವಾರಗಳಲ್ಲಿ ಎರಡೂ ಬಕೆಟ್ಟುಗಳ ಬಟ್ಟೆಯ ಅಡಿಯಲ್ಲಿ ಬಿಳಿಯ ರೆಕ್ಕೆಗಳ ಮೇಲೆ ಕಂದು ಮತ್ತು ನಸುಗೆಂಪು ಕಲೆಗಳಿರುವ, ಹೊಟ್ಟೆಯ ತುದಿಯನ್ನು ಮೇಲಕ್ಕೆ ಬಾಗಿಸಿ ಕೂರುವ ಸಣ್ಣ ಪತಂಗಗಳು ಕಾಣಿಸಿಕೊಂಡವು. ಯಜಮಾನರ ಪತ್ನಿ ಅದನ್ನು ನೋಡಿದೊಡನೆ ಹೇಳಿದ ಮಾತು ನನ್ನ ಪುಸ್ತಕದಲ್ಲಿ ಹಾಗೆಯೇ ಇದೆ: "ಇದು ಸೌದೆ ಎಳೆಯುವಾಗ ದಿನಾ ಹಾರುವ ಚಿಟ್ಟೆ ಅಲ್ವಾ? ಇದರದ್ದೇ ಮರಿಯಾ ಆ ಹುಳ?"

ಹುಳುವನ್ನು ಬಲ್ಲವರಿಗೆ ಚಿಟ್ಟೆಯೂ ಗೊತ್ತಿತ್ತು, ಆದರೆ ಎರಡೂ ಒಂದೇ ಎಂಬುದು ಮಾತ್ರ ಗೊತ್ತಿರಲಿಲ್ಲ. ತಲೆತಲಾಂತರದಿಂದ ಗುಳ್ಳ ಬೆಳೆಯುತ್ತ ಬಂದ, ಗಿಡದ ಒಂದೊಂದು ಗುಣವನ್ನೂ ಬಲ್ಲ ಕುಟುಂಬಕ್ಕೆ ಈ ಸಂಬಂಧ ತಿಳಿಯದೇ ಹೋದದ್ದು ಅವರ ಕೊರತೆ ಎಂದು ನನಗನ್ನಿಸುವುದಿಲ್ಲ. ರಾತ್ರಿ ಹಾರುವ, ಹಗಲು ಕದಲದೆ ಕೂರುವ, ಎರಡರಿಂದ ಐದು ದಿನವಷ್ಟೇ ಬದುಕುವ ಪತಂಗವನ್ನು ಬೆಳೆಯ ಜೊತೆ ಜೋಡಿಸಿ ನೋಡಲು ಅದನ್ನು ಸಾಕಿಯೇ ತೀರಬೇಕು. ಕೀಟತಜ್ಞರಾದ ನಾವು ಬರೆಯುವ ಕರಪತ್ರಗಳಲ್ಲಿ ಸಿಂಪಡಣೆಯ ಪ್ರಮಾಣ ದಪ್ಪ ಅಕ್ಷರದಲ್ಲಿ ಇರುತ್ತದೆ. ಪತಂಗದ ಚಿತ್ರ, ಇದ್ದರೆ, ಮೂಲೆಯಲ್ಲಿ ಅಂಚೆಚೀಟಿಯಷ್ಟು. ಈ ಅಳತೆ ತಿರುವುಮುರುವಾಗಬೇಕು.

ಒಣ ಗಿಡಗಳ ಬಕೆಟ್ಟಿನಿಂದ ಪತಂಗಗಳ ಜೊತೆಗೆ ತೆಳ್ಳನೆಯ ಸೊಂಟದ ಕೆಲವು ಕಣಜಗಳೂ ಹೊರಬಂದವು. ಅವು ಈ ಹುಳುವಿನ ದೇಹದೊಳಗೆ ಬೆಳೆದು ಅದನ್ನು ಕೊಲ್ಲುವ ಇಕ್ನ್ಯೂಮೊನಿಡ್ ಕುಟುಂಬಕ್ಕೆ ಸೇರಿದವು. ಬದನೆಯ ಹುಳುವಿನ ಮೇಲೆ ನಮ್ಮ ದೇಶದಲ್ಲಿ ಹೆಚ್ಚಾಗಿ ದಾಖಲಾಗಿರುವುದು ಟ್ರಥಾಲಾ ಫ್ಲೇವೋಆರ್ಬಿಟಾಲಿಸ್. ಇಂತಹ ಮಾದರಿಗಳನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಹಾಕಿ ಚೀಟಿ ಬರೆದು ಇರಿಸುವುದು ನಮ್ಮ ವೃತ್ತಿಯ ಅಭ್ಯಾಸ. ಸೂಜಿ ಚುಚ್ಚಿ ಒಣಗಿಸಿಟ್ಟ ಮಾದರಿಗಳಿಗೆ ಕರಾವಳಿಯ ತೇವದಲ್ಲಿ ಬೇಗ ಬೂಸಲು ಹಿಡಿಯುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಕಾಪಾಡಬೇಕಾಗುತ್ತದೆ. ಕಣಜಗಳು ಇನ್ನೂ ಉಳಿದಿದ್ದವು ಎಂಬುದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. ಅಷ್ಟೊಂದು ಮದ್ದಿನ ನಡುವೆಯೂ ಅವು ಬದುಕಿದ್ದವು, ಹಾಗಾಗಿ ಸಿಂಪಡಣೆ ನಿಲ್ಲಿಸಿದರೆ ಅವು ಮತ್ತೆ ಹೆಚ್ಚಬಹುದೆಂಬ ಭರವಸೆ ಇಟ್ಟುಕೊಳ್ಳಲು ಆಧಾರ ಸಿಕ್ಕಿತ್ತು.

ಬಲೆಗಳು ಮತ್ತು ಗಾಳಿ

ಹೆಣ್ಣು ಪತಂಗ ಗಂಡನ್ನು ಸೆಳೆಯಲು ಹೊರಬಿಡುವ ಗಂಧದ ಮುಖ್ಯ ಅಂಶವನ್ನು ರಸಾಯನಶಾಸ್ತ್ರಜ್ಞರು 1980ರ ದಶಕದಲ್ಲಿ ಗುರುತಿಸಿದರು. ಅದನ್ನು ಕೃತಕವಾಗಿ ತಯಾರಿಸಿ ಸಣ್ಣ ಕೊಳವೆಯಲ್ಲಿ ತುಂಬಿದ ಲ್ಯೂರ್ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಗಿಡದ ನೆತ್ತಿಗಿಂತ ತುಸು ಮೇಲೆ, ಸಾಬೂನು ನೀರಿನ ಪಾತ್ರೆಯ ಮೇಲೆ ತೂಗುಹಾಕಿದರೆ ಗಂಡು ಪತಂಗಗಳು ಬಂದು ನೀರಿಗೆ ಬೀಳುತ್ತವೆ. ಹೆಣ್ಣುಗಳು ಬರುವುದಿಲ್ಲ, ಆದ್ದರಿಂದ ಬಲೆಯೊಂದೇ ಪರಿಹಾರವಾಗಲಾರದು. ಇಲ್ಲಿ ನಾವು ಬಲೆಗಳನ್ನು ಮೊದಲು ಬಳಸಿದ್ದು ಪತಂಗಗಳು ಯಾವ ದಿಕ್ಕಿನಲ್ಲಿ ಹೆಚ್ಚಿವೆ ಎಂದು ತಿಳಿಯುವುದಕ್ಕೆ. ಬಚ್ಚಲ ಕೊಟ್ಟಿಗೆಯ ಬದಿಯ ಬಲೆಗಳಲ್ಲಿ ಬೆಳಿಗ್ಗೆ ತೇಲುತ್ತಿದ್ದ ಪತಂಗಗಳು ಕಡಲ ಬದಿಯ ಬಲೆಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದವು. ಬಾಡಿದ ಕುಡಿಗಳೂ ಆ ಬದಿಯ ಸಾಲುಗಳಲ್ಲೇ ಹೆಚ್ಚಿದ್ದವು.

ಇದನ್ನು ಓದುವಾಗ ಗಾಳಿಯ ವಿಷಯ ಮರೆಯಬಾರದು. ಕರಾವಳಿಯಲ್ಲಿ ಹಗಲು ಕಡಲಿನಿಂದ ನೆಲಕ್ಕೆ ಬೀಸುವ ಗಾಳಿ, ಬೇಸಿಗೆಗೆ ಮುಂಚಿನ ತಿಳಿಯಾದ ರಾತ್ರಿಗಳಲ್ಲಿ ನೆಲದಿಂದ ಕಡಲಿನತ್ತ ತಿರುಗುತ್ತದೆ. ಪತಂಗ ಹಾರುವುದು ರಾತ್ರಿ, ಗಂಡು ಗಂಧದ ಜಾಡು ಹಿಡಿದು ಗಾಳಿಗೆ ಎದುರಾಗಿ ಬರುತ್ತದೆ. ಹೀಗಾಗಿ ಮೂಡು ಬದಿಯ ಬಲೆಯ ಗಂಧ ಇಡೀ ಗದ್ದೆಯ ಮೇಲೆ ಹಾಯುತ್ತದೆ, ಪಡು ಬದಿಯದ್ದು ಕಡಲಿನತ್ತ ಚೆದುರಿಹೋಗುತ್ತದೆ. ಮೂಡು ಬದಿಯ ಬಲೆಗಳಲ್ಲಿ ಪತಂಗ ಹೆಚ್ಚಾಗಲು ಇದೂ ಕಾರಣವಾಗಿರಬಹುದಾದ್ದರಿಂದ ಬಲೆಯ ಲೆಕ್ಕವೊಂದನ್ನೇ ನಂಬಲಿಲ್ಲ. ಬಕೆಟ್ಟುಗಳ ಸಾಕ್ಷ್ಯ ಮತ್ತು ಬಾಡಿದ ಕುಡಿಗಳ ಹಂಚಿಕೆ ಎರಡೂ ಅದೇ ದಿಕ್ಕನ್ನು ತೋರಿದ ಮೇಲೆಯೇ ರಾಶಿಗಳು ಮೂಲವೆಂದು ತೀರ್ಮಾನಿಸಲಾಯಿತು.

ಕೈಗೊಂಡ ಕ್ರಮಗಳು

ಮೊದಲು ರಾಶಿಗಳನ್ನು ತೆಗೆಯಲಾಯಿತು. ಒಣಗಿದ ಗಿಡಗಳು ಅಂದೇ ಒಲೆ ಸೇರಿದವು. ಎಸೆದ ಕಾಯಿಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿನಲ್ಲಿ ಬೇಯಲು ಬಿಟ್ಟು, ಆಮೇಲೆ ಗುಂಡಿಗೆ ಹಾಕಿ ಮಣ್ಣು ಮುಚ್ಚುವ ಕ್ರಮ ರೂಢಿಗೆ ಬಂತು. ಪೈರೆತ್ರಾಯ್ಡ್ ಸಿಂಪಡಣೆ ಪೂರ್ತಿ ನಿಂತಿತು. ಬೇವಿನ ಬೀಜದ ಶೇಕಡಾ 5ರ ಕಷಾಯವನ್ನು ಸಂಜೆಯ ಹೊತ್ತು ಬಳಸಲಾಯಿತು. ಗದ್ದೆಯಲ್ಲಿ ಹತ್ತು ಮೀಟರಿಗೊಂದರಂತೆ ಬಲೆಗಳು ಬಂದವು.

ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಕತ್ತರಿ. ಬಾಡಿದ ಕುಡಿ ಕಂಡೊಡನೆ ಬಾಡಿದ ಜಾಗಕ್ಕಿಂತ ಒಂದು ಗೇಣು ಕೆಳಗೆ ಕತ್ತರಿಸಿ ನಾಶಪಡಿಸಬೇಕು, ಏಕೆಂದರೆ ಹುಳು ಕೊರೆಯುತ್ತ ಕೆಳಗಿಳಿದಿರುತ್ತದೆ. ಕಾಯಿ ಬರುವ ಮೊದಲಿನ ಹಂತದಲ್ಲಿ ಹುಳುಗಳೆಲ್ಲ ಕುಡಿಗಳಲ್ಲೇ ಇರುವುದರಿಂದ ಆಗ ಒಂದು ಕುಡಿ ಕತ್ತರಿಸಿದರೆ ಮುಂದಿನ ಪೀಳಿಗೆಯ ನೂರಾರು ಮೊಟ್ಟೆ ತಪ್ಪಿದಂತೆ. ಈ ಕೆಲಸವನ್ನು ಯಜಮಾನರ ಪತ್ನಿ ವಹಿಸಿಕೊಂಡರು. ಮಟ್ಟುವಿಗೆ ಹತ್ತಿರದ ಶಂಕರಪುರ ಉಡುಪಿ ಮಲ್ಲಿಗೆಯ ನಾಡು. ಅವರ ಅಂಗಳದಲ್ಲೂ ಮಲ್ಲಿಗೆ ಗಿಡಗಳಿದ್ದು, ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಿ, 800 ಮೊಗ್ಗಿನ ಚೆಂಡು ಕಟ್ಟಿ ಕಳುಹಿಸುವುದು ಅವರ ನಿತ್ಯದ ಕೆಲಸ. ಎಲೆಗಳ ನಡುವೆ ಬಿಡಿಸಬೇಕಾದ ಮೊಗ್ಗನ್ನೂ ಬಿಡಬೇಕಾದ ಮೊಗ್ಗನ್ನೂ ಒಂದೇ ನೋಟಕ್ಕೆ ಬೇರ್ಪಡಿಸುವ ಅವರ ಕಣ್ಣಿಗೆ ಬಾಡತೊಡಗಿದ ಕುಡಿ ನನಗಿಂತ ಒಂದು ದಿನ ಮೊದಲೇ ಕಾಣಿಸುತ್ತಿತ್ತು. ಮಲ್ಲಿಗೆ ಕಟ್ಟಿ ಕಳುಹಿಸಿದ ಮೇಲೆ, ಬಿಸಿಲೇರುವ ಮುನ್ನ, ಕತ್ತರಿ ಮತ್ತು ಚೀಲ ಹಿಡಿದು ಅವರು ಸಾಲುಗಳಲ್ಲಿ ಒಂದು ಸುತ್ತು ಬರುತ್ತಿದ್ದರು. ಇಂತಹ ನುರಿತ ಕಣ್ಣಿಗೆ ಕೂಲಿಯ ಲೆಕ್ಕದಲ್ಲಿ ಯಾವ ಸ್ಥಾನವೂ ಇಲ್ಲ, ಬೇಸಾಯದ ವರದಿಗಳಲ್ಲಿ ಹೆಸರೂ ಇಲ್ಲ. ಈ ಗದ್ದೆಯ ಮಟ್ಟಿಗೆ ಹೇಳುವುದಾದರೆ ಬಾಧೆ ತಗ್ಗಿದ್ದರಲ್ಲಿ ದೊಡ್ಡ ಪಾಲು ಅವರದ್ದೇ.

ನೆರೆಯ ಗದ್ದೆಗಳ ಪ್ರಶ್ನೆ ಬೇಗನೆ ಎದುರಾಯಿತು. ಪತಂಗಕ್ಕೆ ಹುಣಿಯ ಗಡಿ ಇಲ್ಲ. ಯಜಮಾನರು ಅಕ್ಕಪಕ್ಕದವರನ್ನು ತಮ್ಮ ಮನೆಯ ಚಾವಡಿಗೆ ಕರೆದು, ನನ್ನ ವಿವರಣೆಗೆ ಕಾಯದೆ, ಬಟ್ಟೆ ಕಟ್ಟಿದ ಬಕೆಟ್ಟನ್ನು ನಡುವೆ ಇರಿಸಿದರು. ಮೂರು ಮನೆಯವರು ಒಪ್ಪಿ ತಮ್ಮ ರಾಶಿಗಳನ್ನೂ ತೆಗೆದರು, ಒಬ್ಬರು ಒಪ್ಪಲಿಲ್ಲ. ಸಿಂಪಡಣೆ ನಿಲ್ಲಿಸಲು ಅವರಿಗಿದ್ದ ಹೆದರಿಕೆ ಅರ್ಥವಾಗುವಂಥದ್ದೇ; ಒಂದು ಹಂಗಾಮಿನ ದುಡಿಮೆಯನ್ನು ಬಕೆಟ್ಟಿನ ಸಾಕ್ಷ್ಯದ ಮೇಲೆ ಪಣಕ್ಕಿಡಿ ಎಂದು ಯಾರನ್ನೂ ಒತ್ತಾಯಿಸಲಾಗದು. ಆ ಗದ್ದೆಗೆ ತಾಗಿದ ಸಾಲುಗಳಲ್ಲಿ ಬಾಧೆ ಕೊನೆಯವರೆಗೂ ಇತ್ತು.

ಇದೇ ಚಾವಡಿಯಲ್ಲಿ ಒಬ್ಬ ಹಿರಿಯರು ಬಿಟಿ ಬದನೆಯ, ಅಂದರೆ ಹುಳುವನ್ನು ಕೊಲ್ಲುವ ವಂಶವಾಹಿಯನ್ನು ದುಂಡಾಣುವೊಂದರಿಂದ ತಂದು ಸೇರಿಸಿದ ಬದನೆಯ, ವಿಷಯ ಎತ್ತಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಟಿ ವಂಶವಾಹಿ ಸೇರಿಸಿದ ಸ್ಥಳೀಯ ಬದನೆ ತಳಿಗಳ ಪೈಕಿ ಉಡುಪಿಯ ಗುಳ್ಳವೂ ಇತ್ತು. 2009ರ ಅಕ್ಟೋಬರಿನಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ನೀಡಿತು. ಸಾರ್ವಜನಿಕ ಸಮಾಲೋಚನೆಗಳ ಬಳಿಕ 2010ರ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅದನ್ನು ತಡೆಹಿಡಿದರು. ನೆರೆಯ ಬಾಂಗ್ಲಾದೇಶ 2013ರಲ್ಲಿ ಅನುಮತಿ ಕೊಟ್ಟಿತು. ಕೀಟಶಾಸ್ತ್ರದ ದೃಷ್ಟಿಯಿಂದ ಬಿಟಿಯ ಗುರಿ ಸರಿಯಾದ ಜಾಗದಲ್ಲೇ ಇತ್ತೆಂದು ಹೇಳಬೇಕು: ಮೊಟ್ಟೆಯಿಂದ ಬಂದ ಮರಿಹುಳು ಗಿಡವನ್ನು ಮೊದಲ ಬಾರಿ ಕಚ್ಚಿದಾಗಲೇ, ಸಿಂಪಡಣೆಗೆ ಸಿಗದ ಆ ಗಳಿಗೆಯಲ್ಲೇ, ಅದು ಹುಳುವನ್ನು ಹಿಡಿಯುತ್ತದೆ. ಆದರೆ ಊರಿನವರು ತಾವೇ ಬೀಜ ಕಾಪಿಟ್ಟುಕೊಂಡು ಬಂದ, ಸ್ಥಳದ ಹೆಸರಿನ ಮೇಲೆ ನಿಂತಿರುವ ತಳಿಯನ್ನು ಬದಲಿಸುವ ತೀರ್ಮಾನ ಆ ಬೀಜ ಕಾಯ್ದವರದ್ದಾಗಬೇಕು ಎಂಬುದೇ ನನ್ನ ನಿಲುವು. ಬಚ್ಚಲ ಕೊಟ್ಟಿಗೆಯ ರಾಶಿಯ ಬಗ್ಗೆ ಯೋಚಿಸಲು ಯಾವ ಸಮಿತಿಯ ಒಪ್ಪಿಗೆಯೂ ಬೇಕಿರಲಿಲ್ಲ ಎಂದಷ್ಟೇ ಅವರಿಗೆ ಹೇಳಿದೆ.

ಹಂಗಾಮಿನ ಕೊನೆಗೆ

ಮಾರ್ಚಿನ ಹೊತ್ತಿಗೆ ಕೊಯ್ಲಿನ ದಿನ ಪಕ್ಕಕ್ಕೆ ಬೀಳುತ್ತಿದ್ದ ಕಾಯಿಗಳು ಬುಟ್ಟಿಯ ಲೆಕ್ಕದಿಂದ ಬೊಗಸೆಯ ಲೆಕ್ಕಕ್ಕೆ ಇಳಿದಿದ್ದವು. ಹುಳು ಪೂರ್ತಿ ಹೋಗಲಿಲ್ಲ, ಹೋಗುತ್ತದೆಂದು ನಾನು ಮಾತು ಕೊಟ್ಟಿರಲೂ ಇಲ್ಲ. ನುಸಿ ತಾನಾಗಿ ತಗ್ಗಿ ಹೊಸ ಎಲೆಗಳು ಹಸಿರಾಗಿಯೇ ಉಳಿದವು. ನಡುವೆ ಒಮ್ಮೆ, ಒಪ್ಪದ ನೆರೆಯವರ ಬದಿಯ ಸಾಲುಗಳಿಗೆ ಮಾತ್ರ, ಬದನೆಯ ಈ ಹುಳುವಿಗೆಂದೇ ನೋಂದಣಿಯಾಗಿರುವ ಎಮಾಮೆಕ್ಟಿನ್ ಬೆಂಜೊಯೇಟನ್ನು ಸಂಜೆ ಸಿಂಪಡಿಸಿ, ಡಬ್ಬಿಯ ಮೇಲಿನ ಕಾಯುವ ಅವಧಿ ಮುಗಿಯುವವರೆಗೆ ಆ ಸಾಲುಗಳ ಕಾಯಿಯನ್ನು ಮುಟ್ಟಲಿಲ್ಲ. ಸೊರಗು ರೋಗಕ್ಕೆ ಈ ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಅದಕ್ಕೆ ನೀರು ನಿಲ್ಲದಂತೆ ಏರಿ ಎತ್ತರಿಸುವುದು, ರೋಗ ಕಂಡ ಜಾಗದಲ್ಲಿ ಮರುವರ್ಷ ಗುಳ್ಳ ನೆಡದಿರುವುದು ಮುಂತಾದ ಬೇರೆಯೇ ದಾರಿಗಳಿವೆ.

ಬೀಜದ ಕಾಯಿಗಳ ವಿಷಯ ಕೊನೆಯಲ್ಲಿ ಉಳಿದಿತ್ತು. ಮರುವರ್ಷದ ಬೀಜಕ್ಕೆಂದು ಒಳ್ಳೆಯ ಗಿಡಗಳಲ್ಲಿ ಆರಿಸಿದ ಕಾಯಿಗಳನ್ನು ಹಳದಿಗೆ ತಿರುಗುವವರೆಗೆ ಗಿಡದಲ್ಲೇ ಬಿಡುತ್ತಾರೆ. ಗದ್ದೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ನಿಲ್ಲುವ ಕಾಯಿಗಳು ಅವೇ ಆದ್ದರಿಂದ ಹಂಗಾಮು ಮುಗಿದ ಮೇಲೂ ಹುಳುವಿಗೆ ಆಶ್ರಯ ಕೊಡುವುದು ಅವೇ. ಮಳೆಗಾಲದುದ್ದಕ್ಕೂ ಹಿತ್ತಿಲಿನ ಬಿಡಿ ಬದನೆ ಗಿಡಗಳಲ್ಲಿ ಅದು ತಲೆಮರೆಸಿಕೊಂಡು ಉಳಿಯುತ್ತದೆ. ಈಗ ಆ ಮನೆಯಲ್ಲಿ ಬೀಜಕ್ಕೆ ಆರಿಸಿದ ಕಾಯಿಗೆ, ಅದು ನಿಂಬೆಯ ಗಾತ್ರದಲ್ಲಿರುವಾಗಲೇ, ಸಣ್ಣ ಕಣ್ಣಿನ ನೈಲಾನ್ ಬಲೆಯ ಚೀಲವನ್ನು ತೊಟ್ಟಿನವರೆಗೆ ತೊಡಿಸಿ ದಾರ ಬಿಗಿಯುತ್ತಾರೆ. ಉಳಿದ ಗಿಡಗಳನ್ನು ಕೊನೆಯ ಕೊಯ್ಲು ಮುಗಿದ ವಾರದಲ್ಲೇ ಬೇರುಸಹಿತ ಕಿತ್ತು ಗದ್ದೆಯಲ್ಲೇ ಸುಡುತ್ತಾರೆ. ಒಪ್ಪದಿದ್ದ ನೆರೆಯವರು ಮುಂದಿನ ನಾಟಿಗೆ ಮೊದಲು ಬಂದು ಲ್ಯೂರ್ ಎಲ್ಲಿ ಸಿಗುತ್ತದೆ, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂದು ವಿಚಾರಿಸಿಕೊಂಡು ಹೋಗಿದ್ದಾರೆ.